ಆವರಣದಲ್ಲಿ: ನಗು

ಬರ್ಲಿನ್, ನವೆಂಬರ್, ವಿಚಾರಣೆಯ ಮೂರನೇ ದಿನ.
ನನ್ನ ಸರದಿ. ಹೆನ್ನಿಂಗ್ ಬಿಟ್ಟೆದ್ದ ಕುರ್ಚಿ ಇನ್ನೂ ಬೆಚ್ಚಗಿದೆ.
ನಾಲ್ಕು ಪೆನ್ಸಿಲ್, ಎರಡೂ ತುದಿ ಚೂಪು.
ನನ್ನ ಕೆಲಸ ಇಷ್ಟೆ: ಆಡಿದ್ದನ್ನು ಗೀಚುವುದು,
ಗೆರೆ, ಕೊಕ್ಕೆ, ಬಾಲಗಳಲ್ಲಿ,
ಅವರ ನಾಲಗೆಗಿಂತ ಒಂದು ಗುಟುಕು ಹಿಂದೆ.
ಚಪ್ಪಾಳೆ ಬಿದ್ದರೆ, ಆವರಣದಲ್ಲಿ: ಚಪ್ಪಾಳೆ.
ನಕ್ಕರೆ, ಆವರಣದಲ್ಲಿ: ನಗು.
ಇಪ್ಪತ್ತಾರು ವರ್ಷದಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ.
ಒಳ್ಳೆಯದೇ ಆಯಿತು.

ಮಂತ್ರಾಲಯದವರು ಅನ್ನುತ್ತಾರೆ:
ಕೋಟೆ ಕೆಡವಿ ಎಂದು ನಾವು ಹೇಳಿದೆವೆ?
ಒಂದು ದಿಡ್ಡಿ ಬಾಗಿಲು ಸಾಕು. ಸಣ್ಣದು. ಬಗ್ಗಿಯೇ ಬರುತ್ತೇವೆ,
ನ್ಯಾಯಾಧೀಶರ ರುಜು ಹಿಡಿದು.
ಕೀಲಿಕೈ ನಮ್ಮ ಸೊಂಟ ಬಿಟ್ಟು ಕದಲುವುದಿಲ್ಲ.

ಗಣಿತದ ವೋಲ್ಫ್ರಾಮ್ ಹೆಗೆಲೆ, ತೋಳಿನ ಅಂಚಿಗೆ ಸೀಮೆಸುಣ್ಣ:
ಅವಿಭಾಜ್ಯ ಸಂಖ್ಯೆಗೆ ರುಜು ಓದಲು ಬಾರದು, ಮಾನ್ಯರೆ.
ಬಗ್ಗಿ ಬಂದವನ ಬೆನ್ನಷ್ಟೇ ಕಾಣುತ್ತದೆ ಬಾಗಿಲಿಗೆ,
ಪೊಲೀಸನೋ ಕಳ್ಳನೋ, ಅದು ಯಾರನ್ನು ಕೇಳಬೇಕು?
(ನಗು. ಎಡಸಾಲಿನಿಂದ ಚಪ್ಪಾಳೆ.)

ಆಮೇಲೆ ಲೈಪ್ಸಿಗ್‌ನ ಯೋಖೆನ್ ಪ್ರಾಯ್ಸ್, ಎಂಬತ್ತಮೂರು.
ಆ ಕಾಲದಲ್ಲಿ ಹಬೆ ಹಿಡಿದು ಲಕೋಟೆ ಬಿಡಿಸುತ್ತಿದ್ದವನು,
ತಿಂಗಳ ಸಂಬಳಕ್ಕೆ.
"ಅಂಟು ಮತ್ತೆ ನಾವೇ ಹಚ್ಚುತ್ತಿದ್ದೆವು, ನೀಟಾಗಿ.
ಕೆಟ್ಟವರು ಅಂತ ನಮಗೆ ಅನಿಸಿರಲಿಲ್ಲ.
ಮಧ್ಯಾಹ್ನದ ಸೂಪು ಚೆನ್ನಾಗಿರುತ್ತಿತ್ತು."
ಯಾರೋ ಕೆಮ್ಮಿದರು.
ಕೆಮ್ಮನ್ನು ನಾವು ಬರೆಯುವುದಿಲ್ಲ.

ಕೊನೆಗೆ ಆನೆಗ್ರೆಟ್ ಶ್ಟೋಲ್, ಕಾಟ್‌ಬುಸ್‌ನ ಬೇಕರಿಯವಳು.
ಮಗನ ಫೋನು ಮೈಕಿನ ಪಕ್ಕ ಇಟ್ಟಳು.
ಹದಿನೇಳು ವರ್ಷ. ರೈಲು ಹಳಿ.
ಹದಿನಾಲ್ಕು ವಾರ ಯಾರೋ ಅವನ ಜೊತೆ ಮಾತಾಡಿದ್ದರು.
ಯಾರು? ಅದರೊಳಗಿದೆ.
"ದಿನಾ ರಾತ್ರಿ ಚಾರ್ಜಿಗೆ ಹಾಕುತ್ತೇನೆ.
ಬೆಳಗ್ಗೆ ಆರಂಕಿ ಕೇಳುತ್ತದೆ.
ಅವನು ಹುಟ್ಟಿದ ದಿನ ಅಲ್ಲ. ನಾಯಿ ಸತ್ತ ದಿನವೂ ಅಲ್ಲ."
ಹೆಗೆಲೆ ಕನ್ನಡಕ ತೆಗೆದ.
ಅವನ ಲೆಕ್ಕ ತಪ್ಪಿರಲಿಲ್ಲ. ಅವಳೂ ತಪ್ಪಾಡಿರಲಿಲ್ಲ.
ನನ್ನ ಮೊನೆ ಮುರಿಯಿತು, ಎರಡು ಪದ ಬಿದ್ದುಹೋದವು.

ಮನೆಯ ಬೀರುವಿನಲ್ಲಿ ಅಮ್ಮನ ಏಳು ನೋಟುಪುಸ್ತಕಗಳಿವೆ.
ಅವಳೂ ಇದೇ ಕಸುಬು, ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ,
ಪ್ರಾಯ್ಸ್‌ನಂಥವರು ಎಲ್ಲೆಲ್ಲೂ ಇದ್ದ ಕಾಲದಲ್ಲಿ.
ಶೀಘ್ರಲಿಪಿ ನನಗೆ ನೀರು ಕುಡಿದಷ್ಟು ಸಲೀಸು,
ಆದರೂ ಅವಳದು ಓದಲಾಗದು:
ಕೊಕ್ಕೆ ತಿರುಚಿದ್ದಾಳೆ, ಸ್ವರ ನುಂಗಿದ್ದಾಳೆ,
ತನ್ನೊಬ್ಬಳ ಅಳತೆಗೆ ಒಂದು ಲಿಪಿ ಹೊಲಿದುಕೊಂಡಿದ್ದಾಳೆ.
ಪುಟಕ್ಕೆ ಮೂರು ಸಲ ಒಂದೇ ಗುರುತು,
ಬಾಲ ಮೇಲೆತ್ತಿದ ಗೆರೆ, ಅಡಿಯಲ್ಲಿ ಚುಕ್ಕಿ.
ನಾನಿರಬಹುದು. ಕಲ್ಲಿದ್ದಲಿರಬಹುದು.
ಅಪ್ಪನಲ್ಲದ ಯಾರೋ.

"ಒಂದು ವಾರ ಕೊಡು, ಒಡೆದುಕೊಡುತ್ತೇನೆ" ಅಂದಿದ್ದ ಹೆನ್ನಿಂಗ್.
ಎರಡು ಸಲ ಚೀಲಕ್ಕೆ ಹಾಕಿಕೊಂಡು ಹೊರಟೆ.
ಒಮ್ಮೆ ಟ್ರ್ಯಾಮಿನಿಂದಲೇ ವಾಪಸು ಬಂದೆ.
ಇನ್ನೊಮ್ಮೆ ಅವನ ಮೇಜಿನವರೆಗೂ ಹೋಗಿ
ರಜೆ ಅರ್ಜಿ ಕೊಟ್ಟು ಬಂದೆ.

ಸಂಜೆ ಕಾರಿಡಾರಿನಲ್ಲಿ ಆನೆಗ್ರೆಟ್ ಗೋಡೆ ತಡವುತ್ತಿದ್ದಳು.
ಬಿಟ್ಟುಹೋದ ಎರಡು ಪದ ಕೇಳೋಣ ಎಂದು ಹತ್ತಿರ ಹೋದೆ,
ಮಾತಾಡಿದವರನ್ನೇ ಕೇಳಿ ತಿದ್ದಬೇಕು, ಅದು ನಿಯಮ.
"ಇಲ್ಲಿ ಪ್ಲಗ್ ಎಲ್ಲಿದೆ? ಒಂಬತ್ತೇ ಪರ್ಸೆಂಟ್ ಉಳಿದಿದೆ" ಅಂದಳು.
ಕಾಫಿ ಯಂತ್ರದ ವೈರು ಕಿತ್ತು ಜಾಗ ಮಾಡಿಕೊಟ್ಟೆ.
ಪರದೆ ಬೆಳಗಿತು. ಆರು ಖಾಲಿ ಸೊನ್ನೆಗಳು.
ಇಬ್ಬರೂ ಮುಟ್ಟಲಿಲ್ಲ.

ನಾಯಿಯ ಹೆಸರೇನಿತ್ತು, ಕೇಳಿದೆ.
ಹೇಳಿದಳು. ಹೇಳುತ್ತಾ ನಕ್ಕಳು.
ಪೆನ್ಸಿಲ್ ಕಿವಿಯ ಸಂದಿಯಲ್ಲೇ ಇತ್ತು.
ಬರೆದುಕೊಳ್ಳಲಿಲ್ಲ.